ದೆಹಲಿ, ವಾಷಿಂಗ್ಟನ್ ಮತ್ತು ಮಂಡ್ಯದ ಒಂದು ತರಗತಿ

ಮಂಡ್ಯದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು ನಾನು. ಒಕ್ಕೂಟ ವ್ಯವಸ್ಥೆಯ ಅಧ್ಯಾಯ ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ದೇಶದ ರಾಜಧಾನಿಯಲ್ಲಿ ವಾಸಿಸುವವರಿಗೆ ಪ್ರತ್ಯೇಕ ರಾಜ್ಯ ಕೊಡಬೇಕೇ? ಪರೀಕ್ಷೆಯ ಗೈಡುಗಳು ದೆಹಲಿಯನ್ನೂ ವಾಷಿಂಗ್ಟನ್ನನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸಿ, ಸಾಮ್ಯ ಇಷ್ಟು, ವ್ಯತ್ಯಾಸ ಇಷ್ಟು ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಆ ಕೋಷ್ಟಕವನ್ನು ಮೊದಲು ಮುಚ್ಚಿಡಬೇಕು ಎಂಬುದು ಪಾಠ ಮಾಡುತ್ತಾ ಮಾಡುತ್ತಾ ನನಗೆ ಗಟ್ಟಿಯಾದ ಸಂಗತಿ. ಕೇಳಬೇಕಾದ ಪ್ರಶ್ನೆಗಳು ಎರಡು. ನನಗೆ ಕಾನೂನು ಮಾಡುವ ಸಭೆಯಲ್ಲಿ ನನ್ನ ಪ್ರತಿನಿಧಿಗೆ ಮತವಿದೆಯೇ? ನನ್ನ ಊರಿಗೆ ಕೊಟ್ಟ ಅಧಿಕಾರವನ್ನು ನನ್ನನ್ನು ಕೇಳದೆ ಕಿತ್ತುಕೊಳ್ಳಬಹುದೇ?

ವಾಷಿಂಗ್ಟನ್‌ನಿಂದ ಶುರು ಮಾಡುತ್ತೇನೆ. ಕಪ್ಪುಹಲಗೆಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ ಬರೆಯುತ್ತೇನೆ. ಬದಿಗೆ ಹತ್ತು ಮೈಲಿ. ಅಮೆರಿಕದ ಸಂವಿಧಾನ ಒಕ್ಕೂಟದ ರಾಜಧಾನಿಗೆ ಗೊತ್ತುಮಾಡಿದ ಗರಿಷ್ಠ ಅಳತೆ ಅದು. 1783ರಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ಸನ್ನು ಮುತ್ತಿದಾಗ ಪೆನ್ಸಿಲ್ವೇನಿಯಾ ರಾಜ್ಯ ನೆರವಿಗೆ ಬರಲಿಲ್ಲ. ಕೇಂದ್ರ ಸರ್ಕಾರ ಯಾವುದೇ ರಾಜ್ಯದ ಹಂಗಿನಲ್ಲಿ ಇರಬಾರದು ಎಂಬ ಯೋಚನೆ ಅಲ್ಲಿಂದ ಬಲವಾಯಿತು. ಆಮೇಲೆ ಚೌಕದ ಎಡಗೆಳಗಿನ ಭಾಗವನ್ನು ಡಸ್ಟರಿನಿಂದ ಅಳಿಸುತ್ತೇನೆ. ಪೊಟೋಮ್ಯಾಕ್ ನದಿಯ ಆಚೆ ದಡದ ಆ ಭೂಮಿಯನ್ನು ವರ್ಜೀನಿಯಾಕ್ಕೆ ಮರಳಿಸಲು 1846ರಲ್ಲಿ ಕಾಂಗ್ರೆಸ್ ಒಪ್ಪಿತು. ರಾಜಧಾನಿಯ ಗಡಿ ದೇವರು ಎಳೆದ ಗೆರೆಯಲ್ಲ ಎಂಬುದು ಆ ಅಳಿಸಿದ ಜಾಗ ನೋಡಿದವರಿಗೆ ಬೇರೆ ಹೇಳಬೇಕಾಗುವುದಿಲ್ಲ.

"ಹಾಗಾದರೆ ಅವರಿಗೆ ತೆರಿಗೆ ಇರುವುದಿಲ್ಲ ಅಲ್ಲವೇ ಮೇಡಂ?" ಎಂದು ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದೆ. ಅಲ್ಲಿನವರು ಕೇಂದ್ರ ಆದಾಯ ತೆರಿಗೆಯನ್ನು ಉಳಿದವರಂತೆಯೇ ಕಟ್ಟುತ್ತಾರೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 6,89,545 ಮಂದಿ. ವಯೋಮಿಂಗ್ ರಾಜ್ಯದಲ್ಲಿದ್ದವರು 5,76,851. ವಯೋಮಿಂಗ್‌ಗೆ ಇಬ್ಬರು ಸೆನೆಟರುಗಳಿದ್ದಾರೆ, ವಾಷಿಂಗ್ಟನ್‌ಗೆ ಒಬ್ಬರೂ ಇಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ ಮತ ಸಿಕ್ಕಿದ್ದೂ 1961ರ ಇಪ್ಪತ್ಮೂರನೆಯ ತಿದ್ದುಪಡಿಯಿಂದ. ಕೆಳಮನೆಯಲ್ಲಿ ಅವರ ಕಡೆಯಿಂದ ಒಬ್ಬ ಪ್ರತಿನಿಧಿ ಇರುತ್ತಾರೆ. ಅವರು ಮಾತನಾಡಬಹುದು, ಮಸೂದೆ ಮಂಡಿಸಬಹುದು, ಸಮಿತಿಯಲ್ಲಿ ಮತ ಹಾಕಬಹುದು. ಮಸೂದೆ ಅಂಗೀಕಾರಕ್ಕೆ ಬಂದಾಗ ಮತ ಹಾಕುವಂತಿಲ್ಲ.

ಇದು ನಮ್ಮ ಹುಡುಗರಿಗೆ ಅಪರಿಚಿತ ಚಿತ್ರವಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಅವರು ಓದಿರುತ್ತಾರೆ. ಆಡಳಿತದ ವರದಿ ಕೇಳಬಹುದಿತ್ತು, ಅಹವಾಲು ಹೇಳಿಕೊಳ್ಳಬಹುದಿತ್ತು; ಕಾನೂನು ಮಾಡುವ ಅಧಿಕಾರವಿರಲಿಲ್ಲ. ಅದರ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಅಷ್ಟಕ್ಕೇ ಜನ ಸುಮ್ಮನಾಗಲಿಲ್ಲ. 1938ರಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದರು, 1947ರಲ್ಲಿ ಮೈಸೂರು ಚಲೋ ನಡೆಸಿ ಜವಾಬ್ದಾರಿ ಸರ್ಕಾರ ಪಡೆದರು. ಮದ್ದೂರಿನ ಸತ್ಯಾಗ್ರಹ ಸೌಧದ ಮುಂದೆ ಬಸ್ಸಿನಲ್ಲಿ ಹಾದುಬರುವ ವಿದ್ಯಾರ್ಥಿಗಳಿಗೆ, ಮಾತಿಗೆ ಅವಕಾಶವಿದ್ದು ಮತಕ್ಕೆ ಅವಕಾಶವಿಲ್ಲದ ಪ್ರತಿನಿಧಿಯ ಸ್ಥಿತಿಯನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಪ್ರಶ್ನೆಗೆ ಬಂದಾಗ ತರಗತಿ ನಿಜಕ್ಕೂ ಕಾವೇರುತ್ತದೆ. 1973ರ ಸ್ವಯಮಾಡಳಿತ ಕಾಯ್ದೆಯಿಂದ ವಾಷಿಂಗ್ಟನ್‌ಗೆ ಚುನಾಯಿತ ಮೇಯರ್, ಹದಿಮೂರು ಸದಸ್ಯರ ಪರಿಷತ್ತು ಬಂದವು. ಆದರೆ ಕಾಯ್ದೆ ಕೊಟ್ಟಿದ್ದನ್ನು ಕಾಯ್ದೆಯೇ ಕಸಿಯಬಹುದು. 1998ರಲ್ಲಿ ವೈದ್ಯಕೀಯ ಬಳಕೆಗೆ ಗಾಂಜಾ ಅನುಮತಿಸುವ ಬಗ್ಗೆ ಅಲ್ಲಿನ ಜನ ಮತ ಹಾಕಿದರು. ಅದಕ್ಕೆ ಹಣ ಖರ್ಚು ಮಾಡಕೂಡದೆಂದು ಕಾಂಗ್ರೆಸ್ ಷರತ್ತು ಹಾಕಿದ್ದರಿಂದ ಫಲಿತಾಂಶವನ್ನೇ ಪ್ರಕಟಿಸಲಿಲ್ಲ. ಮರುವರ್ಷ ನ್ಯಾಯಾಲಯ ಆದೇಶಿಸಿದ ಮೇಲಷ್ಟೇ ಶೇ. 69ರಷ್ಟು ಜನ ಒಪ್ಪಿದ್ದರೆಂದು ಹೊರಬಿತ್ತು. ಆಮೇಲೂ ಕಾಂಗ್ರೆಸ್ ಅದನ್ನು ಜಾರಿಗೆ ಬಿಡದೆ ವರ್ಷಗಟ್ಟಲೆ ತಡೆಯಿತು. ಗಾಂಜಾ ಸರಿಯೋ ತಪ್ಪೋ ಬೇರೆ ಮಾತು. ಪೆಟ್ಟಿಗೆಗೆ ಬಿದ್ದ ಮತದ ಲೆಕ್ಕವನ್ನು ಹೇಳಗೊಡದ ಅಧಿಕಾರ ಯಾರ ಕೈಯಲ್ಲೂ ಇರಬಾರದು. 2025ರ ಆಗಸ್ಟ್‌ನಲ್ಲಿ ಅಧ್ಯಕ್ಷರು ಅದೇ 1973ರ ಕಾಯ್ದೆಯ ಕಲಮನ್ನು ಬಳಸಿ ನಗರದ ಪೊಲೀಸರನ್ನು ಮೂವತ್ತು ದಿನ ತಮ್ಮ ಹಿಡಿತಕ್ಕೆ ತೆಗೆದುಕೊಂಡಿದ್ದೂ ಈಗ ನನ್ನ ಪಾಠದಲ್ಲಿ ಸೇರಿದೆ.

ಆದ್ದರಿಂದ ವಾಷಿಂಗ್ಟನ್ನಿನ ಜನರಿಗೆ ರಾಜ್ಯ ಸಿಗಲೇಬೇಕು ಎಂಬುದು ನನ್ನ ನಿಲುವು, ಅದನ್ನು ತರಗತಿಯಲ್ಲೂ ಮುಚ್ಚಿಡುವುದಿಲ್ಲ. "ಮೇರಿಲ್ಯಾಂಡ್ ಕೊಟ್ಟ ಭೂಮಿ ತಾನೇ, ಅದಕ್ಕೇ ಸೇರಿಸಿಬಿಡಲಿ" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ್ದ. ವಾದದಲ್ಲಿ ಹುರುಳಿದೆ, ವರ್ಜೀನಿಯಾ ಕಡೆಯ ಭಾಗಕ್ಕೆ ಆದದ್ದೂ ಅದೇ. ಆದರೆ 2016ರಲ್ಲಿ ಅಲ್ಲಿನ ಮತದಾರರನ್ನು ಕೇಳಿದಾಗ ಶೇ. 85ಕ್ಕಿಂತ ಹೆಚ್ಚು ಜನ ಪ್ರತ್ಯೇಕ ರಾಜ್ಯವೇ ಬೇಕೆಂದರು. ಸಂಸತ್ ಭವನ, ಶ್ವೇತಭವನ, ಸುಪ್ರೀಂ ಕೋರ್ಟ್ ಇರುವ ಪುಟ್ಟ ಪ್ರದೇಶವನ್ನು ಮಾತ್ರ ಒಕ್ಕೂಟಕ್ಕೆ ಉಳಿಸಿ ಮಿಕ್ಕದ್ದನ್ನು ರಾಜ್ಯ ಮಾಡುವ ಮಸೂದೆ 2020ರಲ್ಲೂ 2021ರಲ್ಲೂ ಕೆಳಮನೆ ದಾಟಿ ಸೆನೆಟ್‌ನಲ್ಲಿ ನಿಂತುಹೋಯಿತು. ಹೊಸ ಸೆನೆಟರುಗಳು ಡೆಮಾಕ್ರಟಿಕ್ ಪಕ್ಷದವರೇ ಆಗುತ್ತಾರೆಂಬ ಲೆಕ್ಕಾಚಾರ ಎರಡೂ ಕಡೆ ಇದೆ. ಯಾರಿಗೆ ಮತ ಹಾಕುತ್ತಾರೆಂದು ನೋಡಿ ಮತದ ಹಕ್ಕು ತೂಗುವುದನ್ನು ನಾನು ಒಪ್ಪಲಾರೆ.

ದೆಹಲಿಗೆ ಇದೇ ಉತ್ತರವನ್ನು ಅಂಟಿಸಲಾಗದು. ಅಲ್ಲಿನವರು ಲೋಕಸಭೆಗೆ ಏಳು ಮಂದಿಯನ್ನು ಕಳಿಸುತ್ತಾರೆ, ರಾಜ್ಯಸಭೆಯಲ್ಲಿ ಮೂವರಿದ್ದಾರೆ, ಎಲ್ಲರಿಗೂ ಪೂರ್ಣ ಮತವಿದೆ. ಮೊದಲ ಪ್ರಶ್ನೆ ಅಲ್ಲಿಗೆ ತೀರಿತು. ಎರಡನೆಯದು ತೀರಿಲ್ಲ. 1991ರ ಅರವತ್ತೊಂಬತ್ತನೆಯ ತಿದ್ದುಪಡಿ ವಿಧಾನಸಭೆ ಕೊಟ್ಟರೂ ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ, ಭೂಮಿ ಈ ಮೂರನ್ನೂ ಹೊರಗಿಟ್ಟಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಆ ಮೂರು ವಿಷಯ ಬಿಟ್ಟು ಅಧಿಕಾರಿಗಳ ಸೇವೆಗಳ ಮೇಲಿನ ಹಿಡಿತ ಚುನಾಯಿತ ಸರ್ಕಾರದ್ದು ಎಂದಿತು. ಅದೇ ತಿಂಗಳು ಸುಗ್ರೀವಾಜ್ಞೆ, ಆಗಸ್ಟ್‌ನಲ್ಲಿ ಸಂಸತ್ತಿನ ಕಾಯ್ದೆ ಬಂದು ಅದು ಕೈತಪ್ಪಿತು. ಒಂದೂವರೆ ಕೋಟಿಗೂ ಹೆಚ್ಚು ಜನರಿರುವ ಊರಿನ ಸರ್ಕಾರಕ್ಕೆ ತನ್ನ ಅಧಿಕಾರಿಯನ್ನು ವರ್ಗ ಮಾಡುವ ಸ್ವಾತಂತ್ರ್ಯವಾದರೂ ಬೇಡವೇ? ಪೂರ್ಣ ರಾಜ್ಯವಲ್ಲದಿದ್ದರೂ, ಸಾಮಾನ್ಯ ಕಾಯ್ದೆಯೊಂದರಿಂದ ಅಲುಗಾಡಿಸಲಾಗದ ಅಧಿಕಾರ ದೆಹಲಿಗೆ ಬೇಕು ಎಂದು ನನಗೆ ಅನ್ನಿಸುತ್ತದೆ.

ಕಳೆದ ಸೆಮಿಸ್ಟರ್‌ನ ನಿಯೋಜಿತ ಬರಹದಲ್ಲಿ ಪಾಂಡವಪುರದ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ನೇರವಾಗಿ ವಿರೋಧಿಸಿದಳು. ರಾಯಭಾರ ಕಚೇರಿಗಳಿರುವ, ಇಡೀ ದೇಶದ ದುಡ್ಡಿನಿಂದ ಬೆಳೆದ ನಗರದ ಪೊಲೀಸರನ್ನು ಒಂದು ರಾಜ್ಯದ ಕೈಗೆ ಕೊಡಬಾರದು, ಲೋಕಸಭೆಯಲ್ಲಿ ಮತವಿರುವ ತನಕ ದೆಹಲಿಯವರಿಗೆ ಅನ್ಯಾಯವಾಗಿದೆ ಎನ್ನಲಾಗದು ಎಂಬುದು ಅವಳ ವಾದ. ಎರಡೂ ಪ್ರಶ್ನೆಗಳನ್ನು ಬೇರ್ಪಡಿಸಿ ಉತ್ತರಿಸಿದ್ದಳು. ತರಗತಿಯಲ್ಲಿ ಅತಿ ಹೆಚ್ಚು ಅಂಕ ಅವಳಿಗೇ ಕೊಟ್ಟೆ. ಸೇವೆಗಳ ವಿಚಾರಕ್ಕೆ ಮಾತ್ರ ಅವಳು ಉತ್ತರಿಸಿಲ್ಲ ಎಂದು ಅಂಚಿನಲ್ಲಿ ಬರೆದಿದ್ದೇನೆ. ಪುದುಚೇರಿಯ ಪಾಠಕ್ಕೆ ಉತ್ತರ ತರುತ್ತೇನೆಂದು ಹೇಳಿ ಹೋಗಿದ್ದಾಳೆ.