ಡ್ಯಾಶ್‌ಬೋರ್ಡ್ ಬಿಚ್ಚುವ ಮುಂಚೆ

ಶನಿವಾರ, 14 ಡಿಸೆಂಬರ್ 2024

ಭಾವನ ಹಳೇ ಕಾರಿನಲ್ಲಿ, ಪಕ್ಕದ ಸೀಟಿನ ಕಾಲಡಿ ಕಾರ್ಪೆಟ್ ಒತ್ತಿದರೆ ಕೈಗೆ ಅಂಟಂಟು. ಬ್ಲೋವರ್ ಹಾಕಿದರೆ ಸಿಹಿ ವಾಸನೆ. ಮುಂದಿನ ಗಾಜಿನ ಒಳಮೈಯಲ್ಲಿ ಜಿಡ್ಡಿನ ಮಬ್ಬು, ಒರೆಸಿದಷ್ಟೂ ಹರಡುತ್ತದೆ. ಈ ಮೂರೂ ಸೇರಿದರೆ ಹೀಟರ್ ಕೋರ್ ಸೋರುತ್ತಿದೆ ಅಂತಲೇ ಲೆಕ್ಕ; ಅದು ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್, ಇಂಜಿನ್ ತಣಿಸುವ ದ್ರವದ (ಕೂಲಂಟ್) ಬಿಸಿಯಿಂದ ಕಾರಿನೊಳಗಿನ ಗಾಳಿ ಕಾಯಿಸುತ್ತದೆ. ಎಸಿಯ ನೀರಾಗಿದ್ದರೆ ಬಣ್ಣವೂ ಇರುವುದಿಲ್ಲ, ಅಂಟೂ ಇರುವುದಿಲ್ಲ; ಡ್ರೈನ್ ಪೈಪಿನ ಕಸ ತೆಗೆದರೆ ಮುಗಿಯಿತು. ಬಿಳಿ ಬಟ್ಟೆ ಒತ್ತಿ ನೋಡಿದೆವು, ಹಸಿರು ಹತ್ತಿತು, ಕೂಲಂಟೇ.

"ಒಳಗೆ ಹೋಗೋ ಪೈಪು, ಹೊರಗೆ ಬರೋ ಪೈಪು, ಎರಡನ್ನೂ ಬಾನೆಟ್ ಅಡಿಯಲ್ಲೇ ಜೋಡಿಸಿಬಿಟ್ರೆ ಆಯ್ತಲ್ಲ?" ಅಂದರು ಭಾವ.

ಹೊಸ ಕೋರ್ ಬರುವವರೆಗೆ ಹಾಗೆ ಮಾಡಬಹುದು. ಆದರೆ ಎರಡೂ ಬಾಯಿಗೆ ಬಿರಡೆ ಹಾಕಬಾರದು, ಒಂದರಿಂದ ಇನ್ನೊಂದಕ್ಕೆ ಹರಿಯುವಂತೆ ಸೇರಿಸಬೇಕು. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ಇಂಜಿನ್ ಕಾದ ಮೇಲೆ ರೇಡಿಯೇಟರ್ ದಾರಿ ತೆರೆಯುವ ವಾಲ್ವ್) ಮುಚ್ಚಿರುವಷ್ಟು ಹೊತ್ತು ಕೂಲಂಟ್ ಸುತ್ತುವುದೇ ಹೀಟರ್ ದಾರಿಯಲ್ಲಿ. ಅದನ್ನು ಕಟ್ಟಿಬಿಟ್ಟರೆ ಥರ್ಮೋಸ್ಟಾಟ್‌ಗೆ ಬಿಸಿ ತಡವಾಗಿ ತಲುಪುತ್ತದೆ, ಅಷ್ಟರಲ್ಲಿ ಸಿಲಿಂಡರ್ ಹೆಡ್ ಕಾದಿರುತ್ತದೆ. ಮತ್ತೆ, ಹೀಟರ್ ಇಲ್ಲದೆ ಗಾಜಿನ ಮಬ್ಬು ತೆಗೆಯುವುದು ಯಾವುದು? ಚಳಿಗಾಲದ ಬೆಳಗ್ಗೆ ಎದುರಿನ ರಸ್ತೆ ಕಾಣದೆ ಓಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

"ಹಾಗಾದ್ರೆ ರೇಡಿಯೇಟರ್‌ಗೆ ಸುರೀತಾರಲ್ಲ, ಸೋರಿಕೆ ಮುಚ್ಚೋ ಔಷಧಿ?"

"ಅದು ಬೇಡ ಭಾವ. ತೂತು ಮುಚ್ಚುತ್ತೋ ಬಿಡುತ್ತೋ, ಕೋರಿನ ಸಣ್ಣ ಕೊಳವೆಗಳಂತೂ ಕಟ್ಟಿಕೊಳ್ತವೆ. ನಾಳೆ ಹೊಸ ಕೋರ್ ಹಾಕಿದ್ರೂ ಅದೇ ಕೆಸರು ಅದರೊಳಗೆ ಹೋಗಿ ಕೂರುತ್ತೆ."

ಸೋರಿಕೆ ಇಲ್ಲ, ಬಿಸಿಗಾಳಿ ಮಾತ್ರ ಬರುತ್ತಿಲ್ಲ ಅನ್ನುವವರು ಡ್ಯಾಶ್‌ಬೋರ್ಡಿಗೆ ಕೈ ಹಾಕಲೇಬೇಡಿ. ಇಂಜಿನ್ ಕಾದ ಮೇಲೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಫೈರ್‌ವಾಲ್ (ಇಂಜಿನ್ನಿಗೂ ಸೀಟುಗಳಿಗೂ ನಡುವಿನ ತಗಡಿನ ಗೋಡೆ) ಹತ್ತಿರ ಕೋರಿನ ಎರಡೂ ಹೋಸ್ ಮುಟ್ಟಿ ನೋಡಿ. ಎರಡೂ ಸುಡುತ್ತಿದ್ದು ಗಾಳಿ ತಣ್ಣಗಿದ್ದರೆ ತೊಂದರೆ ಒಳಗಿನ ಬ್ಲೆಂಡ್ ಡೋರಿನದು, ಅಂದರೆ ಬಿಸಿ ತಣ್ಣನೆ ಗಾಳಿ ಬೆರೆಸುವ ಬಾಗಿಲಿನದು. ಒಂದು ಸುಟ್ಟು ಇನ್ನೊಂದು ಉಗುರುಬೆಚ್ಚಗಿದ್ದರೆ ಕೋರ್ ಕಟ್ಟಿದೆ, ಇಲ್ಲವೇ ಹೀಟರ್ ವಾಲ್ವ್ ತೆರೆಯುತ್ತಿಲ್ಲ. ಕಟ್ಟಿದ ಕೋರಿಗೆ ಎರಡೂ ಹೋಸ್ ಬಿಚ್ಚಿ, ಕೂಲಂಟ್ ಹೊರಬರುವ ಬಾಯಿಯಿಂದ ಹಿಮ್ಮುಖವಾಗಿ ನೀರು ಬಿಟ್ಟು ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ. ನಲ್ಲಿ ಮಾತ್ರ ಸಣ್ಣಗೆ ತಿರುಗಿಸಿ. ಗಾಡಿಯಲ್ಲಿ ಆ ಕೋರ್ ತಡೆಯುವುದು ಸುಮಾರು 1 ಬಾರ್ ಒತ್ತಡ. ನಲ್ಲಿಯಲ್ಲಿ ಅದರ ಎರಡು ಮೂರು ಪಟ್ಟು ಇರಬಹುದು. ಸವೆದ ಕೋರ್ ಅಲ್ಲೇ ಒಡೆಯುತ್ತದೆ.

ಭಾವನದು ಒಡೆದೇ ಇದೆ. ಬಿಚ್ಚಲೇಬೇಕು.

ಗಾಡಿಯಿಂದ ಗಾಡಿಗೆ ಈ ಕೆಲಸ ತೀರಾ ಬೇರೆ. ಕೆಲವದರಲ್ಲಿ ಗ್ಲೋವ್ ಬಾಕ್ಸ್ ತೆಗೆದರೆ ಕೋರ್ ಪಕ್ಕಕ್ಕೆ ಜಾರಿ ಬರುತ್ತದೆ, ಕೆಲವದರಲ್ಲಿ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. ಆ ಮಾಡೆಲಿನ ಸರ್ವಿಸ್ ಮ್ಯಾನುಯಲ್ ಓದದೆ ಒಂದು ಸ್ಕ್ರೂ ಕೂಡ ತಿರುಗಿಸಬೇಡಿ. ಮುಖ್ಯವಾಗಿ ನೋಡಬೇಕಾದ್ದು ಎಸಿಯ ಇವಾಪೊರೇಟರ್ (ಗಾಳಿ ತಂಪು ಮಾಡುವ ಭಾಗ) ಜೊತೆಯಲ್ಲೇ ಹೊರಬರಬೇಕೋ ಇಲ್ಲವೋ ಅನ್ನುವುದು. ಬರಬೇಕು ಅಂತಿದ್ದರೆ ಮೊದಲು ಯಂತ್ರವಿರುವವರ ಹತ್ತಿರ ಗ್ಯಾಸ್ ತೆಗೆಸಿಕೊಂಡು ಬನ್ನಿ. ಮನೆಯಲ್ಲಿ ಪೈಪು ಸಡಿಲಿಸಿ ಗಾಳಿಗೆ ಬಿಡುವುದು ತಪ್ಪು, ಕೈ ಮೇಲೆ ಬಿದ್ದರೆ ಚರ್ಮ ಹೆಪ್ಪುಗಟ್ಟುತ್ತದೆ.

ಏರ್‌ಬ್ಯಾಗ್ ಇರುವ ಗಾಡಿಯಾದರೆ ಬ್ಯಾಟರಿಯ ನೆಗೆಟಿವ್ ಕಳಚಿ ಮ್ಯಾನುಯಲ್ ಹೇಳಿದಷ್ಟು ಹೊತ್ತು ಸುಮ್ಮನೆ ಕೂತಿರಿ. ಹಳದಿ ಕನೆಕ್ಟರುಗಳಿಗೆ ಮಲ್ಟಿಮೀಟರ್ ತಾಗಿಸಬೇಡಿ. ತೆಗೆದ ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿ ಇಡಿ. ಸ್ಟೀರಿಂಗ್ ಕಳಚುವುದಿದ್ದರೆ ಚಕ್ರ ನೆಟ್ಟಗಿರಲಿ, ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ಒಳಗಿನ ವೈರಿನ ಸುರುಳಿ) ತಿರುಗದಂತೆ ಟೇಪ್ ಹಚ್ಚಿ.

ಕೂಲಂಟ್ ಇಳಿಸುವುದು ಇಂಜಿನ್ ಪೂರ್ತಿ ತಣ್ಣಗಾದ ಮೇಲೆ. ಇಳಿಸಿದ್ದನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಂತೂ ಬೋಗುಣಿಯನ್ನು ಒಂದು ಗಳಿಗೆಯೂ ಬಿಟ್ಟು ಹೋಗಬೇಡಿ.

ಹೋಸ್ ಬಿಚ್ಚುವಲ್ಲಿ ನಿಧಾನ ಬೇಕು. ವರ್ಷಗಟ್ಟಲೆ ಕಾದ ರಬ್ಬರ್ ಕೋರಿನ ಮೂತಿಗೆ ಬೆಸೆದುಕೊಂಡಿರುತ್ತದೆ. ಇಕ್ಕಳ ಹಾಕಿ ತಿರುಚಿದರೆ ಹೋಸ್ ಅಲುಗುವ ಮುಂಚೆ ಮೂತಿ ಬಾಗುತ್ತದೆ, ಬುಡದ ಬೆಸುಗೆ ಬಿಡುತ್ತದೆ. ಕೋರ್ ಹೇಗೂ ಬಿಸಾಡುವುದು ತಾನೇ ಅನ್ನಬೇಡಿ: ಕೆಲವು ಗಾಡಿಗಳಲ್ಲಿ ಆ ಮೂತಿ ಬೇರೆ ಪೈಪು, ಹೊಸ ಕೋರಿಗೂ ಅದೇ ಬೇಕು. ಚೂಪಾದ ಬ್ಲೇಡಿನಿಂದ ಹೋಸನ್ನು ತುದಿಯಿಂದ ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಸೀಳಿ, ಲೋಹಕ್ಕೆ ಗೀರು ಬೀಳದಂತೆ. ಆಮೇಲೆ ಸಿಪ್ಪೆ ಬಿಡಿಸಿದ ಹಾಗೆ ಬಿಡಿಸಿ. ಹೊಸ ಹೋಸ್ ಹಾಕಿ. 16 ಮತ್ತು 19 ಮಿಲಿಮೀಟರ್ ಒಳವ್ಯಾಸದವು ಹೆಚ್ಚು ಬಳಕೆಯಲ್ಲಿವೆ, ಒಂದೇ ಕೋರಿನಲ್ಲಿ ಎರಡೂ ಅಳತೆ ಇರುವುದುಂಟು. ಯಾವುದು ಒಳಕ್ಕೆ, ಯಾವುದು ಹೊರಕ್ಕೆ ಅಂತ ಗುರುತು ಹಾಕಿಕೊಳ್ಳಿ. ಕೋರ್ ಎಳೆಯುವ ಮುಂಚೆ ಒಂದು ಬಾಯಿಂದ ಮೆಲ್ಲಗೆ ಗಾಳಿ ಹಾಯಿಸಿ ಉಳಿದ ಕೂಲಂಟನ್ನು ಬಾನೆಟ್ ಕಡೆಗೇ ಹೊರಹಾಕಿದರೆ ಅದು ಕಾರ್ಪೆಟ್ಟಿಗೆ ಸುರಿಯುವುದಿಲ್ಲ.

ಹಳೇ ಪ್ಲಾಸ್ಟಿಕ್ ಚಳಿಯಲ್ಲಿ ಗಾಜಿನಂತೆ ಮುರಿಯುತ್ತದೆ, ಗಾಡಿ ಬಿಸಿಲಿಗೆ ನಿಲ್ಲಿಸಿ ಕೆಲಸ ಹಿಡಿಯಿರಿ. ಬರದ ಪ್ಯಾನೆಲ್ ಎಳೆಯಬೇಡಿ, ಎಲ್ಲೋ ಇನ್ನೊಂದು ಸ್ಕ್ರೂ ಇದ್ದೇ ಇರುತ್ತದೆ. ವ್ಯಾಕ್ಯೂಮ್ ನಳಿಕೆಗಳಿದ್ದರೆ ಒಂದೊಂದಕ್ಕೂ ಚೀಟಿ ಕಟ್ಟಿ.

ಹೊಸ ಕೋರ್ ಬಂದ ದಿನವೇ ಹಳೆಯದರ ಪಕ್ಕ ಇಟ್ಟು ದಪ್ಪ, ಮೂತಿಯ ಕೋನ, ಉದ್ದ ಹೋಲಿಸಿ. ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ 1 ಬಾರ್ ಗಾಳಿ ಕೊಟ್ಟು ಬಕೆಟ್ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡಿ. ಹಳೇ ಫೋಮ್ ಪಟ್ಟಿ ಪುಡಿಯಾಗಿರುತ್ತದೆ, ಅದನ್ನೇ ಮತ್ತೆ ಒತ್ತಿದರೆ ಗಾಳಿ ಕೋರಿನೊಳಗೆ ಹೋಗದೆ ಪಕ್ಕದ ಸಂದಿಯಲ್ಲಿ ಜಾರುತ್ತದೆ, ಹೊಸ ಕೋರ್ ಹಾಕಿಯೂ ಬೆಚ್ಚಗಾಗುವುದಿಲ್ಲ. ಹೊಸ ಫೋಮ್ ಸುತ್ತಲೂ ಹಚ್ಚಿ. ಓ-ರಿಂಗ್ ಇದ್ದರೆ ಕೂಲಂಟ್ ಸವರಿ ಕೂರಿಸಿ, ಗ್ರೀಸ್ ಬೇಡ. ಪೆಟ್ರೋಲಿಯಂ ಗ್ರೀಸಿಗೆ ಆ ರಬ್ಬರ್ ಉಬ್ಬುತ್ತದೆ. ಕ್ಲ್ಯಾಂಪ್ ಬಿಗಿ ಹೆಚ್ಚಾದರೆ ತೆಳು ಮೂತಿ ಒಳಕ್ಕೆ ಕುಸಿಯುತ್ತದೆ. ಸ್ಪ್ರಿಂಗ್ ಕ್ಲ್ಯಾಂಪ್ ನನಗೆ ಇಷ್ಟ, ರಬ್ಬರ್ ಕುಗ್ಗಿದಂತೆ ಅದೂ ಕುಗ್ಗುತ್ತದೆ.

ಇನ್ನು ನಾನು ಎಲ್ಲರಿಗೂ ಹೇಳುವ ಮಾತು. ಡ್ಯಾಶ್‌ಬೋರ್ಡ್ ಮೇಲೇರಿಸುವ ಮುಂಚೆ ಕೂಲಂಟ್ ತುಂಬಿ, ಪ್ರೆಶರ್ ಟೆಸ್ಟರ್‌ನಿಂದ ರೇಡಿಯೇಟರ್ ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಟ್ಟು ಅರ್ಧ ಗಂಟೆ ಬಿಡಿ. ಮುಳ್ಳು ಇಳಿಯಬಾರದು. ಪ್ರತಿ ಜೋಡಣೆಯ ಕೆಳಗೂ ಒಣ ಕಾಗದ ಇಟ್ಟಿರಿ. ಆ ಅರ್ಧ ಗಂಟೆ ಉಳಿಸಲು ಹೋದವರು ಇಡೀ ದಿನದ ಕೆಲಸವನ್ನು ಮತ್ತೆ ಮೊದಲಿಂದ ಮಾಡುತ್ತಾರೆ.

ತುಂಬುವುದು ಮ್ಯಾನುಯಲ್ ಹೇಳಿದ ಜಾತಿಯ ಕೂಲಂಟ್, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ಆ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಬಣ್ಣ ನೋಡಿ ಬೆರೆಸಬೇಡಿ, ಹೊಂದದ ಎರಡು ಸೇರಿದರೆ ಗೊಜ್ಜಾಗಿ ಕೋರನ್ನೇ ಮೊದಲು ಕಟ್ಟುತ್ತದೆ. ಗಾಡಿಯ ಮುಂಭಾಗ ಎತ್ತರದಲ್ಲಿರಲಿ, ಹೀಟರ್ ಪೂರ್ತಿ ಬಿಸಿಯಲ್ಲಿರಲಿ, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂನಿಂದ ಗುಳ್ಳೆ ನಿಲ್ಲುವವರೆಗೆ ತುಂಬುತ್ತಾ ಹೋಗಿ. ಡ್ಯಾಶ್‌ಬೋರ್ಡ್ ಹಿಂದೆ ಗಳಗಳ ಸದ್ದು ಬಂದರೆ ಗಾಳಿ ಇನ್ನೂ ಸಿಕ್ಕಿಕೊಂಡಿದೆ.

ಕಾರ್ಪೆಟ್ ಬಗ್ಗೆ ಭಾವ "ಬಿಸಿಲಿಗೆ ಒಣಗತ್ತೆ ಬಿಡು" ಅಂದರು. ಒಣಗುವುದಿಲ್ಲ. ಗ್ಲೈಕಾಲ್ ತೇವ ಹಿಡಿದಿಡುತ್ತದೆ. ಕಾರ್ಪೆಟ್ ಎತ್ತಿ, ಅಡಿಯ ಹತ್ತಿಪದರ ಹೊರತೆಗೆದು, ಅಂಟು ಹೋಗುವವರೆಗೆ ಬಿಸಿನೀರಲ್ಲಿ ತೊಳೆಯಬೇಕು. ಅಡಿಯ ತಗಡಿನ ತುಕ್ಕು, ಅಲ್ಲಿ ಹಾದುಹೋಗುವ ವೈರಿಂಗ್ ಕನೆಕ್ಟರು, ಎರಡನ್ನೂ ಆಗಲೇ ನೋಡಿಕೊಳ್ಳಿ.

ಆದರೆ ರಾತ್ರಿ ಊಟವಾದ ಮೇಲೂ ತಲೆಯಲ್ಲಿ ಕೊರೆಯುತ್ತಿರುವುದು, ಕೋರ್ ತೂತಾಗಿದ್ದು ಏಕೆ ಅನ್ನುವುದು. ವಯಸ್ಸೊಂದೇ ಕಾರಣ ಇರಲಿಕ್ಕಿಲ್ಲ. ಕೂಲಂಟಿನ ತುಕ್ಕುನಿರೋಧಕ ಸತ್ತಿದ್ದರೆ, ಇಲ್ಲವೇ ಅರ್ಥಿಂಗ್ ಕೆಟ್ಟು ವಿದ್ಯುತ್ ಕೂಲಂಟ್ ಮೂಲಕ ಹರಿಯುತ್ತಿದ್ದರೆ, ಹೊಸ ಕೋರನ್ನೂ ಅದೇ ತಿನ್ನುತ್ತದೆ. ಮಲ್ಟಿಮೀಟರಿನ ಕಪ್ಪು ತುದಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ತುದಿ ರೇಡಿಯೇಟರಿನ ಲೋಹಕ್ಕೆ ತಾಗದಂತೆ ಕೂಲಂಟಿಗೆ. 0.1 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ, 0.3 ದಾಟಿದರೆ ಬಿಡುವಂತಿಲ್ಲ. ಹೆಡ್‌ಲೈಟ್, ಬ್ಲೋವರ್ ಒಂದೊಂದಾಗಿ ಹಾಕುತ್ತಾ ಯಾವುದಕ್ಕೆ ಅಂಕಿ ಏರುತ್ತದೆ ಅಂತ ನೋಡಬೇಕು. ನಾಳೆ ಕೂಲಂಟ್ ಇಳಿಸುವ ಮೊದಲೇ ಅಳೆಯಬೇಕು, ಇಳಿಸಿಬಿಟ್ಟರೆ ಅಳೆಯಲು ಏನೂ ಉಳಿಯುವುದಿಲ್ಲ. ಇಂಜಿನ್‌ನಿಂದ ಗಾಡಿಯ ಲೋಹದ ಮೈಗೆ ಹೋಗುವ ಅರ್ಥ್ ಪಟ್ಟಿಯ ಬೋಲ್ಟು ಹಸಿರುಗಟ್ಟಿದ್ದನ್ನು ಸಂಜೆಯೇ ನೋಡಿದ್ದೆ, ಅದನ್ನು ಬಿಚ್ಚಿ ಉಜ್ಜಿ ಮತ್ತೊಮ್ಮೆ ಅಳೆದರೆ...