‘ಹಳೆಯದರಂತೆ ಮಾಡಿದ್ದು’ ಎಂದು ತಾನೇ ಹೇಳುವ ಭರಣಿ

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಜಹಾಂಗೀರನ ಕಠಾರಿಯನ್ನೂ ನೂರ್ ಜಹಾನಳ ಹಣ್ಣಿನ ಚಾಕುವನ್ನೂ ನೋಡಿ ಬಂದಂದಿನಿಂದ ನನಗೆ ಜೇಡ್ ಕಲ್ಲಿನ ಗುಂಗು ಹಿಡಿದಿದೆ. ಜೇಡ್ ಎಂದರೆ ಪಚ್ಚೆಯಲ್ಲ. ಬೆಣ್ಣೆಯ ಬಿಳುಪಿನಿಂದ ಪಾಲಕಿನ ಹಸಿರಿನವರೆಗೆ ಹಲವು ಬಣ್ಣಗಳಲ್ಲಿ ಸಿಗುವ ಬೇರೆಯೇ ಕಲ್ಲು. ಆ ಗುಂಗಿನಲ್ಲಿ ಪುಸ್ತಕಗಳನ್ನು ತಿರುವುತ್ತಿದ್ದಾಗ ನನ್ನನ್ನು ತಡೆದು ನಿಲ್ಲಿಸಿದ್ದು 18ನೆಯ ಶತಮಾನದ ಚೀನಾದ, ಜೇಡಿನಲ್ಲಿ ಮಾಡಿದ ಪುಟ್ಟ ಮುಚ್ಚಳದ ಪೆಟ್ಟಿಗೆಗಳು. ಕುಂಕುಮದ ಭರಣಿಯನ್ನು ಬಲ್ಲ ನಮಗೆ ಅವುಗಳ ಆಕಾರ ಅಪರಿಚಿತವೆನಿಸುವುದಿಲ್ಲ. ಆದರೆ ಅಲ್ಲಿ ಅವುಗಳಲ್ಲಿ ಇಡುತ್ತಿದ್ದದ್ದು ಧೂಪದ ಚೂರುಗಳನ್ನು. ಧೂಪದಾನಿ, ಪುಟ್ಟ ಚಮಚವನ್ನೂ ಕಡ್ಡಿಗಳನ್ನೂ ನಿಲ್ಲಿಸುವ ಹೂಜಿ ಮತ್ತು ಈ ಭರಣಿ, ಮೂರೂ ಸೇರಿ ಒಂದು ಜೊತೆ.

ಇವುಗಳ ಮೇಲಿನ ಕೆತ್ತನೆಯ ವಿನ್ಯಾಸ ಮಾತ್ರ ಅವುಗಳ ಕಾಲದ್ದಲ್ಲ. ಉಬ್ಬಿದ ಎರಡು ಕಣ್ಣುಗಳ, ಕೆಳದವಡೆಯಿಲ್ಲದ ಮೃಗಮುಖ, ಅದರ ಸುತ್ತ ಚೌಕವಾಗಿ ಸುತ್ತಿಕೊಳ್ಳುವ ‘ಗುಡುಗಿನ ಗೆರೆ’ಗಳು, ಒಂಟಿ ಕಾಲಿನ ಡ್ರ್ಯಾಗನ್ನುಗಳು: ಇವೆಲ್ಲ ಮೂರು ಸಾವಿರ ವರ್ಷಗಳ ಹಿಂದಿನ ಶಾಂಗ್ ರಾಜವಂಶದ ಕಾಲದ ಕಂಚಿನ ಪೂಜಾಪಾತ್ರೆಗಳಿಂದ ಬಂದವು. ‘ತಾವ್‌ಟಿಯೆ’ ಎಂಬ ಆ ಮುಖವನ್ನು ಕಂಡಾಗ ನಮ್ಮ ದೇವಾಲಯಗಳ ಕೀರ್ತಿಮುಖ ನೆನಪಾಗದೆ ಇರದು, ಆದರೆ ಹೋಲಿಕೆಯನ್ನೇ ನಂಟು ಎಂದುಕೊಳ್ಳುವ ಆತುರ ನನಗಿಲ್ಲ.

ಹಳೆಯದನ್ನು ಹೀಗೆ ಮರಳಿ ತರುವ ಆಸಕ್ತಿ ಬಹಳ ನಂತರದ ಸಾಂಗ್ ರಾಜವಂಶದ ಕಾಲದಲ್ಲಿಯೇ ಬಲಗೊಂಡಿತ್ತು. 12ನೆಯ ಶತಮಾನದ ಆರಂಭದಲ್ಲಿ ಚಕ್ರವರ್ತಿ ಹುಯಿಜೋಂಗ್ ತನ್ನ ಸಂಗ್ರಹದ 800ಕ್ಕೂ ಹೆಚ್ಚು ಕಂಚಿನ ಪಾತ್ರೆಗಳ ಸಚಿತ್ರ ಪಟ್ಟಿಯನ್ನು ಮಾಡಿಸಿದ್ದನು. ಆರು ಶತಮಾನಗಳ ನಂತರ, 1749ರಲ್ಲಿ, ಚಿಂಗ್ ವಂಶದ ಚಿಯಾನ್‌ಲಾಂಗ್ ಚಕ್ರವರ್ತಿಯೂ ಅದೇ ಮಾದರಿಯಲ್ಲಿ ಒಂದೂವರೆ ಸಾವಿರದಷ್ಟು ಪಾತ್ರೆಗಳ ಪಟ್ಟಿಗೆ ಆಜ್ಞೆಯಿತ್ತನು. ತನ್ನ ಕಾಲದ ಜೇಡ್ ಕೆಲಸ ಅವನಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ತೂತು ಕೊರೆದು, ಬೇಡದ ಅಲಂಕಾರ ತುಂಬಿ ಒಳ್ಳೆಯ ಕಲ್ಲನ್ನು ಹಾಳುಮಾಡುವುದನ್ನು ‘ಜೇಡಿಗೆ ಬಂದ ವಿಪತ್ತು’ ಎಂದು ಪದ್ಯಗಳಲ್ಲಿಯೇ ಬೈದಿದ್ದಾನೆ. ಪ್ರಾಚೀನ ಮಾದರಿಗಳು ಆ ಕಾಯಿಲೆಗೆ ಅವನು ಕಂಡುಕೊಂಡ ಮದ್ದು. ಇದೇ ಮನುಷ್ಯ ‘ಹಿಂದೂಸ್ತಾನದ ಜೇಡ್’ ಎಂದು ಕರೆದ, ತೆಳ್ಳನೆಯ ಗೋಡೆಗಳ ಮೊಘಲ್ ಶೈಲಿಯ ಪಾತ್ರೆಗಳಿಗೂ ಮನಸೋತು ಪದ್ಯ ಬರೆದನೆಂಬುದು ಸೋಜಿಗ. 1759ರ ಹೊತ್ತಿಗೆ ಮಧ್ಯ ಏಷ್ಯಾದ ತಾರಿಮ್ ಪ್ರದೇಶ ಅವನ ಕೈವಶವಾಗಿ, ಅಲ್ಲಿನ ಖೋತಾನಿನ ಜೇಡ್ ಕಲ್ಲು ಬೀಜಿಂಗಿಗೆ ಧಾರಾಳವಾಗಿ ಬರತೊಡಗಿದ್ದರಿಂದ ಕಲ್ಲಿನ ಕೊರತೆಯೂ ನೀಗಿತು.

ಜೇಡನ್ನು ‘ಕೆತ್ತುವುದು’ ಎನ್ನುವುದೇ ಒಂದು ರೀತಿಯಲ್ಲಿ ತಪ್ಪು. ಬೇಲೂರಿನ ಬಳಪದ ಕಲ್ಲಿನಂತೆ ಅದು ಉಳಿಗೆ ಬಗ್ಗುವುದಿಲ್ಲ. ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಹೊಡೆದರೆ ಸುಲಭವಾಗಿ ಸೀಳುವುದೂ ಇಲ್ಲ. ಕುಶಲಕರ್ಮಿಯು ಕಾಲಿನಿಂದ ಮೆಟ್ಟಿ ತಿರುಗಿಸುವ ಲೋಹದ ಚಕ್ರಕ್ಕೆ ಒದ್ದೆ ಮರಳನ್ನೋ ಕುರುಂದದ ಪುಡಿಯನ್ನೋ ಹಚ್ಚಿ ಕಲ್ಲನ್ನು ಸವೆಸುತ್ತಾನೆ. ಸವೆಸುವುದು ಆ ಪುಡಿಯೇ ಹೊರತು ಚಕ್ರವಲ್ಲ. ಒಳಗನ್ನು ಟೊಳ್ಳು ಮಾಡಲು ಕೊಳವೆಯಂಥ ಬೈರಿಗೆಯಿಂದ ಕೊರೆದು ನಡುವಣ ತಿರುಳನ್ನು ಮುರಿದು ತೆಗೆಯಬೇಕು. ಚೌಕಗೆರೆಗಳ ಪ್ರತಿಯೊಂದು ಮೂಲೆಯೂ ಉರುಟು ಚಕ್ರದಿಂದಲೇ ಮೂಡಬೇಕೆಂಬುದನ್ನು ಯೋಚಿಸಿದಾಗ, ಅಂಗೈಯಗಲದ ಭರಣಿಯೊಂದಕ್ಕೆ ಎಷ್ಟು ತಾಳ್ಮೆ ಸಂದಿರಬೇಕೆಂದು ಬೆರಗಾಗುತ್ತದೆ.

ಹಾಗಾದರೆ ಇದು ನಕಲಿಯೇ? ಮೋಸದ ನಕಲಿಗಳು ಚೀನಾದಲ್ಲಿ ಬಹಳ ಹಿಂದಿನಿಂದಲೂ ಇದ್ದವು. ಕಲ್ಲನ್ನು ಸುಟ್ಟು ಮೂಳೆಯಂತೆ ಬಿಳಿಚಿಸಿ, ಬಣ್ಣ ಉಣಿಸಿ, ಸಮಾಧಿಯಿಂದ ಅಗೆದು ತೆಗೆದದ್ದೆಂದು ಮಾರುವವರಿದ್ದರು. ಆದರೆ ಚಿಯಾನ್‌ಲಾಂಗ್ ಆಸ್ಥಾನದ ಹಲವು ಜೇಡ್ ವಸ್ತುಗಳ ತಳದಲ್ಲಿ ಆರು ಅಕ್ಷರಗಳಿವೆ: ‘ದಾ ಚಿಂಗ್ ಚಿಯಾನ್‌ಲಾಂಗ್ ಫಾಂಗ್ ಗು’. ಮಹಾ ಚಿಂಗ್ ವಂಶದ ಚಿಯಾನ್‌ಲಾಂಗನ ಕಾಲದಲ್ಲಿ, ಪ್ರಾಚೀನವನ್ನು ಅನುಸರಿಸಿ ಮಾಡಿದ್ದು ಎಂದು ಅದರರ್ಥ. ನೋಡುವವನು ಶಾಂಗ್ ಕಾಲದ್ದೆಂದು ನಂಬುವುದು ಆ ಚಕ್ರವರ್ತಿಗೆ ಬೇಕಿರಲಿಲ್ಲ. ಆ ಕಾಲವನ್ನು ತಾನು ಬಲ್ಲೆನೆಂದು ತಿಳಿದರೆ ಸಾಕಿತ್ತು. ಈಗ ಯಾವ ಹಳೆಯ ಭರಣಿಯ ಚಿತ್ರ ಸಿಕ್ಕಿದರೂ ನಾನು ಮೊದಲು ಹುಡುಕುವುದು ಮೃಗಮುಖವನ್ನಲ್ಲ, ತಳವನ್ನು ತೋರಿಸುವ ಇನ್ನೊಂದು ಚಿತ್ರವಿದೆಯೇ ಎಂದು.