ಸ್ಪ್ಲಿಟ್‌ನಿಂದ ಸರಂಡಾ ತನಕ: ಬಾಲ್ಕನ್ ಕರಾವಳಿ ರೋಡ್ ಟ್ರಿಪ್ ಪ್ಲಾನ್ ಎಲ್ಲಿಗೆ ಬಂತು

ರೂಟ್ ಕೊನೆಗೂ ಗಟ್ಟಿಯಾಯಿತು. ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ಕಾರು ತೆಗೆದುಕೊಂಡು, ಸಮುದ್ರದ ದಡ ಹಿಡಿದು ಡುಬ್ರೊವ್ನಿಕ್, ಮಾಂಟೆನೆಗ್ರೊದ ಕೊಟೊರ್, ಆಮೇಲೆ ಅಲ್ಬೇನಿಯಾದ ಸರಂಡಾ ತನಕ ಇಳಿಯುವುದು. ವಾಪಸ್ ಬರುವಾಗ ಒಳನಾಡಿನಿಂದ. ಹೋಗುವವರು ನಾನು, ನನ್ನ ಹೆಂಡತಿ, ಅಕ್ಕ, ಭಾವ. ತಿಂಗಳು ಸೆಪ್ಟೆಂಬರ್. ಜುಲೈ, ಆಗಸ್ಟ್‌ನ ನೂಕುನುಗ್ಗಲು ಅಷ್ಟೊತ್ತಿಗೆ ಇಳಿದಿರುತ್ತದೆ, ನೀರು ಮಾತ್ರ ಇನ್ನೂ ಬೆಚ್ಚಗಿರುತ್ತದೆ.

ಉತ್ತರದಿಂದ ದಕ್ಷಿಣಕ್ಕೇ ಯಾಕೆ ಅಂತ ಭಾವ ಕೇಳಿದರು. ಇಡೀ ಪ್ಲಾನ್‌ನಲ್ಲಿ ನಾನು ಬಿಟ್ಟುಕೊಡದ ವಿಷಯ ಇದೊಂದೇ. ಅಲ್ಲೆಲ್ಲ ಗಾಡಿ ರಸ್ತೆಯ ಬಲಗಡೆ ಓಡುತ್ತದೆ. ದಕ್ಷಿಣಕ್ಕೆ ಹೊರಟರೆ ಸಮುದ್ರವೂ ಬಲಕ್ಕೇ ಬರುತ್ತದೆ. ಹಾಗಾಗಿ ನಮಗೂ ನೀರಿಗೂ ನಡುವೆ ಎದುರಿನ ಗಾಡಿಗಳು ಇರುವುದಿಲ್ಲ, ನೋಡಬೇಕು ಅನ್ನಿಸಿದ ಕಡೆ ರಸ್ತೆ ದಾಟದೆ ಸೀದಾ ಪಕ್ಕಕ್ಕೆ ಹಾಕಿ ನಿಲ್ಲಿಸಬಹುದು. ನಮ್ಮ ಎನ್‌ಎಚ್ 66ರಲ್ಲಿ ಇದು ಉಲ್ಟಾ, ನಾವು ಎಡಗಡೆ ಓಡಿಸುತ್ತೇವಲ್ವಾ, ಮಂಗಳೂರಿನಿಂದ ಕಾರವಾರದ ಕಡೆ ಹೋಗುವಾಗಲೇ ಸಮುದ್ರ ನಮ್ಮ ಮಗ್ಗುಲಿಗೆ ಸಿಗುವುದು.

ಮೊದಲ ಭಾಗ ಡಿ8 ರಸ್ತೆ. ಅಲ್ಲಿಯವರು ಯಾದ್ರಾನ್ಸ್ಕಾ ಮಗಿಸ್ತ್ರಾಲಾ, ಅಂದರೆ ಏಡ್ರಿಯಾಟಿಕ್ ಹೆದ್ದಾರಿ, ಅನ್ನುತ್ತಾರೆ. ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಸುಮಾರು 230 ಕಿಲೋಮೀಟರ್. ಬೇಗ ಮುಟ್ಟಬೇಕು ಅನ್ನುವವರಿಗೆ ಒಳಗಡೆ ಎ1 ಟೋಲ್ ರಸ್ತೆ ಇದೆ, ನಮಗೆ ಬೇಡ. ಬ್ರೆಲಾದಿಂದ ಮಕಾರ್ಸ್ಕಾ ತನಕದ ತುಂಡನ್ನು ಗೂಗಲ್ ಮ್ಯಾಪ್ಸ್‌ನ ಸ್ಟ್ರೀಟ್ ವ್ಯೂನಲ್ಲಿ ಪೂರ್ತಿ ಓಡಿಸಿ ನೋಡಿದೆ. ಎಡಕ್ಕೆ ಬಿಯೊಕೊವೊ ಬೆಟ್ಟದ ಬೋಳು ಸುಣ್ಣಕಲ್ಲು ಗೋಡೆಯ ಹಾಗೆ ಎದ್ದಿದೆ, ಬಲಕ್ಕೆ ಪೈನ್ ಮರಗಳು, ಅವುಗಳ ಸಂದಿಯಲ್ಲಿ ನೀರು. ಬೆಟ್ಟದ ತುದಿ ಸ್ವೇತಿ ಯೂರೆ 1,762 ಮೀಟರ್. ಸಮುದ್ರಕ್ಕೆ ಇಷ್ಟು ಹತ್ತಿರ ಅಷ್ಟು ಎತ್ತರ! ಅರ್ಧ ದಾರಿಯಲ್ಲಿ, 1,228 ಮೀಟರ್ ಮೇಲೆ ಗಾಜಿನ ಸ್ಕೈವಾಕ್ ಇದೆ. ಮೇಲಕ್ಕೆ ಹೋಗುವ ರಸ್ತೆ ಕಿರಿದು, ಆದ್ದರಿಂದ ಸಮಯ ನಿಗದಿಯಾದ ಟಿಕೆಟ್ ಮೊದಲೇ ತೆಗೆದಿಡಬೇಕು. ಬೆಳಗಿನ ಹೊತ್ತಿನದು ತೆಗೆಯುತ್ತೇನೆ.

ಡುಬ್ರೊವ್ನಿಕ್‌ಗೆ ಮೊದಲು ನೇಉಮ್ ಅನ್ನುವ ಊರು, ಬೋಸ್ನಿಯಾಕ್ಕೆ ಇರುವ ಚಿಕ್ಕ ಕರಾವಳಿ. ಹಿಂದೆ ಕ್ರೊಯೇಷಿಯಾದ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗಲು ಇಲ್ಲಿ ಎರಡು ಸಲ ಗಡಿ ದಾಟಬೇಕಿತ್ತು. 2022ರ ಜುಲೈಯಲ್ಲಿ ಪೆಲ್ಯೆಶಾತ್ಸ್ ಸೇತುವೆ ತೆರೆದ ಮೇಲೆ ಆ ತಲೆನೋವು ಇಲ್ಲ. ಉದ್ದ 2.4 ಕಿಲೋಮೀಟರ್, ಟೋಲ್ ಇಲ್ಲ. ಸೇತುವೆ ದಾಟಿದರೆ ಮುಂದೆ ಸ್ಟೋನ್ ಅನ್ನುವ ಹಳೆಯ ಊರು ಸಿಗುತ್ತದೆ. ಹಳೆಯ ಉಪ್ಪಿನ ಗದ್ದೆಗಳು, ಗುಡ್ಡ ಹತ್ತುವ ಕೋಟೆಗೋಡೆ. ಊಟಕ್ಕೆ ಅಲ್ಲೇ ನಿಲ್ಲುವುದು. ಅಕ್ಕ, ಭಾವ ಸಸ್ಯಾಹಾರಿಗಳು. ಬ್ಲಿತ್ವಾ ಅಂತ ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿ ಮಾಡುವ ಪಲ್ಯ ಈ ಕರಾವಳಿಯಲ್ಲಿ ಸಾಮಾನ್ಯ, ಮೀನಿನ ಜೊತೆಗೆ ಬಡಿಸುವುದು, ನಾವು ಅದನ್ನಷ್ಟೇ ಕೇಳಬೇಕು. ಅಲ್ಬೇನಿಯಾದಲ್ಲಿ ಸೊಪ್ಪಿನ ಬ್ಯುರೆಕ್ ಇದೆ, ತೆಳು ಹಿಟ್ಟಿನ ಪದರಗಳ ನಡುವೆ ಸೊಪ್ಪು ತುಂಬಿ ಬೇಯಿಸಿದ್ದು. ಉಪವಾಸ ಬೀಳುವುದಿಲ್ಲ.

ಕೊಟೊರ್ ಕೊಲ್ಲಿಯಲ್ಲಿ ಕಮೆನಾರಿಯಿಂದ ಲೆಪೆತಾನೆಗೆ ಕಾರು ಸಮೇತ ದಾಟಿಸುವ ಫೆರಿ ಇದೆ. ಜಲಸಂಧಿ ಅಷ್ಟು ಕಿರಿದು. ಆದರೆ ಫೆರಿ ಹಿಡಿದರೆ ಕೊಲ್ಲಿಯ ದಡದ ಪೆರಾಸ್ಟ್ ಅನ್ನುವ ಊರು ತಪ್ಪಿಹೋಗುತ್ತದೆ. ಪೆರಾಸ್ಟ್ ಎದುರಿನ ನೀರಿನಲ್ಲಿ ಜನರೇ ಕಲ್ಲು ಹಾಕಿ, ಹಳೆಯ ಹಡಗು ಮುಳುಗಿಸಿ ಕಟ್ಟಿದ ದ್ವೀಪ ಇದೆ, ಅದರ ಮೇಲೆ ಚರ್ಚು. ಈಗಲೂ ಪ್ರತಿ ವರ್ಷ ಜುಲೈ 22ರಂದು ದೋಣಿಗಳಲ್ಲಿ ಹೋಗಿ ಕಲ್ಲು ಹಾಕಿ ಬರುತ್ತಾರೆ. ಅದನ್ನು ನೋಡದೆ ಅರ್ಧ ಗಂಟೆ ಉಳಿಸಿ ಏನು ಮಾಡುವುದು? ಕೊಲ್ಲಿ ಸುತ್ತಿಯೇ ಹೋಗುತ್ತೇವೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಆಸೆ ಇರುವುದು ಅಲ್ಬೇನಿಯಾದ ಲೊಗಾರಾ ಘಾಟಿಯ ಮೇಲೆ. ವ್ಲೋರಾ ದಾಟಿ ಪೈನ್ ಕಾಡಿನಲ್ಲಿ ಸಾವಿರ ಮೀಟರ್ ಹತ್ತಿದ ಮೇಲೆ ಮರಗಳು ಮುಗಿದು ಅಯೋನಿಯನ್ ಸಮುದ್ರ ಕೆಳಗೆ ಕಾಣುತ್ತದೆ, ಅಲ್ಲಿಂದ ಹೇರ್‌ಪಿನ್ ತಿರುವುಗಳಲ್ಲಿ ಧೆರ್ಮಿ ಕಡೆ ಇಳಿಯುವುದು. 2024ರಲ್ಲಿ ಸುಮಾರು 6 ಕಿಲೋಮೀಟರ್ ಉದ್ದದ ಸುರಂಗ ತೆರೆದಿದೆ. ಅವಸರದವರಿಗೆ ಅದಿದೆ, ಹಾಗಾಗಿ ಹಳೆಯ ರಸ್ತೆಯಲ್ಲಿ ನಿಧಾನವಾಗಿ ಹೋಗುವವರಿಗೂ ಒಳ್ಳೆಯದೇ. ಮಳೆ, ಮಂಜು ಇದ್ದರೆ ಮಾತ್ರ ನಾವೂ ಸುರಂಗ.

ವಾಪಸ್ ದಾರಿ ಅಲ್ಬೇನಿಯಾದ ಜಿರೊಕಾಸ್ತ್ರ, ಶ್ಕೊದ್ರ, ಆಮೇಲೆ ಬೋಸ್ನಿಯಾದ ತ್ರೆಬಿನ್ಯೆ, ಮೊಸ್ತಾರ್. ಕಾರನ್ನು ಬೇರೆ ದೇಶದಲ್ಲಿ ಬಿಟ್ಟರೆ ಕೇಳುವ ಶುಲ್ಕ ತುಂಬಾ ಜಾಸ್ತಿ, ಅದಕ್ಕೇ ಈ ಸುತ್ತು.

ಪೇಪರ್ ಕೆಲಸ. ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗೆನ್‌ನಲ್ಲಿದೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನಲ್ಲಿ. ಉಳಿದ ಮೂರು ದೇಶ ಇಲ್ಲ. ನಾವು ಹೊರಗೆ ಹೋಗಿ ಮತ್ತೆ ಕ್ರೊಯೇಷಿಯಾಕ್ಕೆ ಬರುವುದರಿಂದ ಮಲ್ಟಿಪಲ್ ಎಂಟ್ರಿ ವೀಸಾ ಬೇಕೇ ಬೇಕು. ಅದು ಇದ್ದರೆ ಮಾಂಟೆನೆಗ್ರೊ, ಅಲ್ಬೇನಿಯಾ, ಬೋಸ್ನಿಯಾಕ್ಕೆ ಬೇರೆ ವೀಸಾ ಬೇಡ. ಅಲ್ಬೇನಿಯಾದವರು ಆ ವೀಸಾ ಮೊದಲೇ ಒಮ್ಮೆ ಬಳಸಿರಬೇಕು ಅನ್ನುತ್ತಾರೆ, ಸ್ಪ್ಲಿಟ್‌ನಲ್ಲಿ ಇಳಿದಾಗಲೇ ಅದು ಆಗಿಹೋಗಿರುತ್ತದೆ. ನನ್ನ, ಭಾವನ ಐಡಿಪಿ (ಹೊರದೇಶದಲ್ಲಿ ಗಾಡಿ ಓಡಿಸುವ ಪರವಾನಗಿ) ಆರ್‌ಟಿಒದಿಂದ ಮಾಡಿಸುತ್ತೇವೆ, 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ.

ಉಳಿದಿರುವುದು ಕಾರು. ಎಲ್ಲ ಬಾಡಿಗೆ ಕಂಪನಿಗಳೂ ಅಲ್ಬೇನಿಯಾಕ್ಕೆ ಗಾಡಿ ಬಿಡುವುದಿಲ್ಲ. ಸ್ಪ್ಲಿಟ್‌ನ ಒಂದು ಸಣ್ಣ ಕಂಪನಿ ಗಡಿ ದಾಟುವ ಅನುಮತಿ ಪತ್ರ, ಬೇರೆ ದೇಶಗಳಲ್ಲೂ ನಡೆಯುವ ಗ್ರೀನ್ ಕಾರ್ಡ್ ವಿಮೆ ಎರಡೂ ಕೊಡುತ್ತೇವೆ ಅಂದಿದೆ. ನಾಲ್ಕು ದೇಶದ ಹೆಸರೂ ಬರಹದಲ್ಲೇ ಕೊಡಿ ಅಂತ ಮೇಲ್ ಹಾಕಿದ್ದೇನೆ. ಆ ಉತ್ತರ ಕೈಗೆ ಬಂದ ಮೇಲೆ ವಿಮಾನದ ಟಿಕೆಟ್.